ಯಜಮಾನಿಕೆ ಬೇರೆ, ತೋಟ ನಡೆಸುವುದು ಬೇರೆ

ಕೊಡಗಿನ ಬಾಳೆಲೆ ಊರಿನ ಸುತ್ತಮುತ್ತ ಕಾಫಿ ತೋಟವಿರುವ ಎಷ್ಟೋ ಮನೆಗಳಲ್ಲಿ ಒಂದು ಮಳೆ ಪುಸ್ತಕ ಇರುತ್ತದೆ. ಬಯಲಿನಲ್ಲಿಟ್ಟ ಮಳೆಮಾಪಕದ ನೀರನ್ನು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು, ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೆಯ ಒಂದು ಪಾಲು) ಎಂದು ತಾರೀಖಿನ ಎದುರು ಬರೆಯುತ್ತಾರೆ. ಅಜ್ಜ ಶುರುಮಾಡಿದ್ದನ್ನು ಅಪ್ಪ ಮುಂದುವರಿಸಿರುತ್ತಾರೆ, ಅಪ್ಪ ಬಿಟ್ಟಲ್ಲಿಂದ ಮಗನೋ ಮಗಳೋ. ಮಳೆಗಾಲದಲ್ಲಿ ಇಬ್ಬರು ಬೆಳೆಗಾರರು ಗೋಣಿಕೊಪ್ಪಲಿನಲ್ಲಿ ಎದುರಾದರೆ ಮೊದಲು ಬರುವ ಮಾತು, "ನಿಮ್ಮಲ್ಲಿ ಎಷ್ಟಾಯ್ತು?" ಕೇಳಿದ್ದು ಮಳೆಯ ಬಗ್ಗೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಳ್ಳೆಯ ಆಡಳಿತದ ಮೊದಲ ಪಾಠ ಈ ಪುಸ್ತಕದಲ್ಲೇ ಇದೆ ಎಂದು ನಾನು ತಿಳಿದಿದ್ದೇನೆ. ತಾನೇ ಹೋಗಿ ನೋಡುವುದು, ದಿನವೂ ತಪ್ಪದೆ ನೋಡುವುದು, ನೋಡಿದ್ದನ್ನು ನೆನಪಿಗೆ ಬಿಡದೆ ಬರೆಯುವುದು, ಹೋದ ವರ್ಷದ್ದರೊಂದಿಗೆ ಹೋಲಿಸುವುದು — ಜಗತ್ತಿನ ಯಾವ ಆಡಳಿತ ಶಾಲೆಯೂ ಈ ನಾಲ್ಕನ್ನು ಬಿಟ್ಟು ಪಾಠ ಆರಂಭಿಸಲಾರದು. ಆದರೆ ಮಳೆಯ ಮೇಲೆ ನಮಗೆ ಹತೋಟಿ ಇಲ್ಲ. ಹತೋಟಿ ಇರುವ ಕೆಲಸಗಳಿಗೆ ಇಂಥ ಪುಸ್ತಕ ಇಟ್ಟಿರುವ ತೋಟಗಳು ಬಹಳ ಕಡಿಮೆ. ಯಾವ ಬ್ಲಾಕಿನಲ್ಲಿ ನೆರಳುಮರಗಳ ಕೊಂಬೆ ಸವರುವ ಕಪಾತಿಗೆ ಎಷ್ಟು ಆಳು ಹಿಡಿಯಿತು, ಯಾವ ಮೂಲೆಯಲ್ಲಿ ಕೊಯ್ಲು ತಡವಾಯಿತು, ಯಾಕೆ ತಡವಾಯಿತು, ಹೋದ ವರ್ಷ ಬಂದಿದ್ದ ಕುಟುಂಬ ಈ ವರ್ಷ ಬೇರೆ ತೋಟಕ್ಕೆ ಹೋದದ್ದು ಏಕೆ — ಇದನ್ನೆಲ್ಲ ಅಂದಾಜಿಗೆ ಬಿಟ್ಟಿದ್ದೇವೆ. ಕೈಮೀರಿದ್ದನ್ನು ಅಷ್ಟು ಶ್ರದ್ಧೆಯಿಂದ ಬರೆಯುವ ನಾವು ಕೈಯಲ್ಲಿರುವುದನ್ನು ಬರೆಯುವುದಿಲ್ಲ.

ನನ್ನ ವಾದ ಇಷ್ಟು. ತೋಟದ ಯಜಮಾನನಾಗಲು ಹುಟ್ಟು ಸಾಕು; ತೋಟ ನಡೆಸಲು ಕೆಲವು ಅಭ್ಯಾಸಗಳು ಬೇಕು. ಅವು ಯಾರ ರಕ್ತದಲ್ಲೂ ಬರುವುದಿಲ್ಲ, ಕಲಿತರೆ ಯಾರಿಗೂ ಬರುತ್ತವೆ. ಅವುಗಳಿಲ್ಲದೆಯೂ ತೋಟ ನಡೆಯುತ್ತಿದ್ದ ಕಾಲವೊಂದಿತ್ತು. ಆ ಕಾಲ ಮುಗಿದಿದೆ.

ಹೇಗೆ ನಡೆಯುತ್ತಿತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಅದಕ್ಕೆ ಮೂರು ಆಸರೆಗಳಿದ್ದವು. ಮೊದಲನೆಯದು, ಬಿಟ್ಟುಹೋಗಲಾರದ ಆಳು. 1854ರಲ್ಲಿ ಜಾನ್ ಫೌಲರ್ ಎಂಬ ಆಂಗ್ಲ ಮಡಿಕೇರಿಯಲ್ಲಿ ತೋಟ ತೆರೆದ ಮೇಲೆ ಕೊಡಗಿನ ಕಾಡುಗಳು ಒಂದೊಂದಾಗಿ ಕಾಫಿ ತೋಟಗಳಾದವು. ಜೊತೆಗೆ ಒಂದು ಶ್ರೇಣಿಯೂ ಬಂತು: ಮೇಲೆ ಮ್ಯಾನೇಜರ್, ಕೆಳಗೆ ಲೆಕ್ಕ ಬರೆಯುವ ರೈಟರ್, ಅವನ ಕೆಳಗೆ ಮೇಸ್ತ್ರಿ, ಎಲ್ಲರ ಕೆಳಗೆ ಆಳು. ಮೇಸ್ತ್ರಿ ದೂರದೂರುಗಳಲ್ಲಿ ಮುಂಗಡ ಕೊಟ್ಟು ಆಳು ತರುತ್ತಿದ್ದ. ಮುಂಗಡ ಪಡೆದವರು ಕೆಲಸ ಬಿಟ್ಟುಹೋದರೆ 1859ರ ಕಾಯ್ದೆಯೊಂದರ ಪ್ರಕಾರ ಶಿಕ್ಷೆ. ಆ ಕಾಯ್ದೆ ರದ್ದಾದದ್ದು 1920ರ ದಶಕದ ನಡುವೆ. ಕಾಡಂಚಿನ ಎರವ ಬುಡಕಟ್ಟಿನವರು ತಲೆಮಾರುಗಟ್ಟಲೆ ಗದ್ದೆಗಳಲ್ಲೂ ತೋಟಗಳಲ್ಲೂ ಸಾಲದ ಕಟ್ಟಿಗೆ ಸಿಕ್ಕಿ ದುಡಿದರು. ಜೀತವನ್ನು ದೇಶವಿಡೀ ನಿಷೇಧಿಸಿದ ಕಾಯ್ದೆ ಬಂದದ್ದು 1976ರಲ್ಲಿ. ಬಿಟ್ಟುಹೋಗಲಾರದ ಜನರಿಂದ ಕೆಲಸ ಮಾಡಿಸಲು ಜಾಣ್ಮೆ ಬೇಕಿರಲಿಲ್ಲ, ಗದರಿಕೆ ಸಾಕಿತ್ತು. ನಮ್ಮಲ್ಲಿ ಇಂದಿಗೂ ಹಲವರು ಖಡಕ್ ಮ್ಯಾನೇಜರ್ ಎಂದು ಮೆಚ್ಚುಗೆಯಿಂದ ಹೇಳುವಾಗ ಆ ಕಾಲದ ನೆರಳು ಮಾತಿನಲ್ಲಿರುತ್ತದೆ.

ಎರಡನೆಯ ಆಸರೆ ಕಾಫಿ ಮಂಡಳಿಯದು. 1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರ ತನ್ನ ಬೆಳೆಯನ್ನು ಮಂಡಳಿಯ ಸಾಮೂಹಿಕ ದಾಸ್ತಾನಾದ ಪೂಲಿಗೆ ಒಪ್ಪಿಸಬೇಕಿತ್ತು. ಮಾರುವ ಚಿಂತೆ ಮಂಡಳಿಗೆ, ಹಣ ಕಂತುಗಳಲ್ಲಿ ಮನೆಗೆ. ಬೆಲೆ ಕಡಿಮೆಯಾಯಿತೆಂಬ ಗೊಣಗಾಟ ಇತ್ತೇ ಹೊರತು ಯಾವಾಗ, ಯಾರಿಗೆ, ಯಾವ ರೂಪದಲ್ಲಿ ಮಾರಬೇಕೆಂಬ ನಿರ್ಧಾರ ಬೆಳೆಗಾರನ ತಲೆಯ ಮೇಲೆ ಇರಲಿಲ್ಲ. 1992ರಿಂದ ಹಂತಹಂತವಾಗಿ ಆ ವ್ಯವಸ್ಥೆ ಸಡಿಲವಾಗಿ 1996ರ ಹೊತ್ತಿಗೆ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಅಂದಿನಿಂದ ಚೆರಿಯ, ಅಂದರೆ ಇಡಿಯಾಗಿ ಒಣಗಿಸಿದ ಕಾಫಿ ಹಣ್ಣಿನ, ತೇವಾಂಶ ಎಷ್ಟು, ಓಟಿ ಎಷ್ಟು ಬೀಳುತ್ತದೆ, ಇಂದು ಕೊಡಬೇಕೋ ಮಾರ್ಚ್‌ವರೆಗೆ ಕಾಯಬೇಕೋ ಎಂಬುದೆಲ್ಲ ಬೆಳೆಗಾರನ ಲೆಕ್ಕ. ಐವತ್ತು ಕಿಲೋ ಚೆರಿಯಲ್ಲಿ ಎಷ್ಟು ಕಿಲೋ ಬೇಳೆ ಸಿಗುತ್ತದೆ ಎಂಬ ಆ ಓಟಿ ಸಂಖ್ಯೆಯಲ್ಲಿ ಇಡೀ ವರ್ಷದ ಆಡಳಿತ ಅಂಕ ಪಡೆಯುತ್ತದೆ: ಹಸಿಕಾಯಿ ಕುಯ್ದಿದ್ದರೆ, ಕಾಯಿಕೊರಕ ಹುಳು ಬಿದ್ದಿದ್ದರೆ, ಬರದಲ್ಲಿ ಗಿಡ ಬಾಡಿದ್ದರೆ ಅಲ್ಲಿ ಕಾಣುತ್ತದೆ.

ಮೂರನೆಯ ಆಸರೆ ಋತುವಿನದು. ಹೂವರಳಿಸುವ ಹೂಮಳೆಗೆ ಒಂದು ಹೊತ್ತು, ಆಮೇಲೆ ಕಾಯಿ ನಿಲ್ಲಿಸುವ ಬ್ಯಾಕಿಂಗ್ ಮಳೆಗೆ ಒಂದು ಹೊತ್ತು, ಕೊಯ್ಲಿಗೆ ಬಿಸಿಲು ಎಂಬ ನಂಬಿಕೆಯ ಮೇಲೆ ಹಿರಿಯರು ಕೆಲಸದ ಪಂಚಾಂಗ ಹಾಕಿಕೊಂಡಿದ್ದರು. ಈಗ ಕೊಯ್ಲಿನ ನಡುವೆ ಮಳೆ ಸುರಿಯುತ್ತದೆ, ಹೂಮಳೆ ಕೈಕೊಡುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕೊಡಗಿನ ಬೆಟ್ಟಗಳು ಜರಿದದ್ದನ್ನು ಯಾರೂ ಮರೆತಿಲ್ಲ. ನಮ್ಮ ಕಡೆ ಲಕ್ಷ್ಮಣತೀರ್ಥ ಉಕ್ಕಿದರೆ ಗದ್ದೆ ಮುಳುಗುತ್ತದೆ, ರಸ್ತೆಯೂ ಮುಳುಗುತ್ತದೆ. ನಾಗರಹೊಳೆಯ ಕಾಡಿನಿಂದ ಇಳಿಯುವ ಆನೆಗಳಿಂದಾಗಿ ಬೆಳಿಗ್ಗೆ ಎಷ್ಟು ಗಂಟೆಗೆ ಆಳು ತೋಟಕ್ಕೆ ಇಳಿಯಬಹುದು ಎಂಬುದೇ ದಿನದ ಮೊದಲ ನಿರ್ಧಾರವಾಗಿದೆ.

ಮೂರು ಆಸರೆಗಳೂ ಹೋದವು. ಉಳಿದದ್ದು ನಡೆಸುವವರ ಸಾಮರ್ಥ್ಯ ಮಾತ್ರ. ಇದು ದೊಡ್ಡ ಎಸ್ಟೇಟುಗಳ ಚಿಂತೆ ಎಂದು ತಳ್ಳಿಹಾಕುವಂತಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು, ಅದರಲ್ಲಿ ಕೊಡಗಿನದೇ ದೊಡ್ಡ ಪಾಲು. ಆದರೆ ಹಿಡುವಳಿಗಳನ್ನು ಎಣಿಸಿದರೆ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿನೊಳಗಿನವು. ಅಲ್ಲಿ ಸಂಬಳದ ಮ್ಯಾನೇಜರ್ ಇರುವುದಿಲ್ಲ. ಯಜಮಾನನೋ ಯಜಮಾನಿಯೋ ತಾವೇ ಮ್ಯಾನೇಜರ್, ತಾವೇ ರೈಟರ್, ಕೆಲವೊಮ್ಮೆ ತಾವೇ ಪಂಪು ಹಾಕುವವರು.

ಆಡಳಿತ ಹುಟ್ಟುಗುಣ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸೈನ್ಯದ ಹೆಮ್ಮೆ ಇರುವ ನಾಡು ನಮ್ಮದು. ನಾಯಕತ್ವ ಮೈಕಟ್ಟಿನಲ್ಲಿ, ದನಿಯಲ್ಲಿ ಇರುತ್ತದೆಂದು ಸುಲಭವಾಗಿ ಭಾವಿಸುತ್ತೇವೆ. ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರಲ್ಲಿ ಒಬ್ಬ ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್. ಮುಳುಗುವ ಹಂತದಲ್ಲಿದ್ದ ಗಣಿ ಕಂಪನಿಯೊಂದರ ಹೊಣೆಯನ್ನು 1888ರಲ್ಲಿ ಹೊತ್ತು ಅದನ್ನು ಮೇಲೆತ್ತಿದ ಆತ 1916ರಲ್ಲಿ ಪ್ರಕಟಿಸಿದ ಬರಹದಲ್ಲಿ, ಯೋಜಿಸುವುದು, ಸಂಘಟಿಸುವುದು, ಮುನ್ನಡೆಸುವುದು, ಹೊಂದಿಸುವುದು, ಪರಿಶೀಲಿಸುವುದು ಎಂಬ ಐದು ಕೆಲಸಗಳಾಗಿ ಆಡಳಿತವನ್ನು ಬಿಡಿಸಿಟ್ಟ. ಇದು ಕಲಿಸಬಹುದಾದ ವಿದ್ಯೆ, ಶಾಲೆಗಳು ಕಲಿಸುತ್ತಿಲ್ಲ ಅಷ್ಟೆ ಎಂದು ವಾದಿಸಿದ. ಅರ್ಧ ಶತಮಾನದ ಬಳಿಕ, 1967ರಲ್ಲಿ, ಪೀಟರ್ ಡ್ರಕ್ಕರ್ ಇನ್ನೊಂದು ಹೆಜ್ಜೆ ಮುಂದೆ ಹೋದ. ತಾನು ಕಂಡ ಸಮರ್ಥ ಆಡಳಿತಗಾರರಲ್ಲಿ ಮಾತುಗಾರರೂ ಇದ್ದರು, ಮೌನಿಗಳೂ ಇದ್ದರು. ಸ್ವಭಾವದಲ್ಲಿ ಒಬ್ಬರಂತೆ ಒಬ್ಬರಿರಲಿಲ್ಲ. ಅವರಲ್ಲಿ ಸಮಾನವಾಗಿದ್ದದ್ದು ಕೆಲವು ರೂಢಿಗಳು ಎಂಬುದು ಆತನ ತೀರ್ಮಾನ. ತೋಟಗಳನ್ನು ಗಮನಿಸುತ್ತ ಬಂದ ನನಗೂ ಅದೇ ನಿಜವೆನಿಸುತ್ತದೆ. ಬಾಳೆಲೆಯ ತೋಟಕ್ಕೆ ಬೇಕಾದ ರೂಢಿಗಳು ನನ್ನ ಲೆಕ್ಕದಲ್ಲಿ ಐದು.

ಮೊದಲನೆಯದು, ಕಾಲಿನಿಂದ ನೋಡುವುದು. ಈಗ ತೋಟದ ಒಡೆತನ ಬಾಳೆಲೆಯಲ್ಲಿ, ವಾಸ ಬೆಂಗಳೂರಿನಲ್ಲಿ ಎಂಬ ಮನೆಗಳು ಹೆಚ್ಚಾಗಿವೆ. ಕಣಕ್ಕೆ ಕ್ಯಾಮೆರಾ, ಮೇಸ್ತ್ರಿಗೆ ವಾಟ್ಸಾಪ್. ತಪ್ಪೆನ್ನಲಾರೆ; ಮಕ್ಕಳ ಓದು, ಉದ್ಯೋಗ ಎಲ್ಲರಿಗೂ ಇದ್ದದ್ದೇ. ಆದರೆ ಕ್ಯಾಮೆರಾ ತೋರಿಸುವುದು ಆಳು ನಿಂತಿದ್ದಾರೋ ಇಲ್ಲವೋ ಎಂಬುದನ್ನು. ಕಣದಲ್ಲಿ ಹರಡಿದ ಚೆರಿಯ ತಳ ಬಿಸಿಯಾಗಿ ಹುಳಿವಾಸನೆ ಬರುತ್ತಿದೆಯೋ ಎಂಬುದನ್ನು ಮೂಗೇ ಹೇಳಬೇಕು. ಒಣಗಿಸುವ ಕೆಲಸವನ್ನು ಹತ್ತಿರದಿಂದ ನೋಡಿ. ಹಣ್ಣನ್ನು ತೆಳ್ಳಗೆ ಹರಡಬೇಕು, ಗಂಟೆಗೊಮ್ಮೆಯಾದರೂ ಕೈಯಾಡಿಸಿ ಸಾಲು ಎಳೆಯಬೇಕು, ಸಂಜೆ ರಾಶಿ ಮಾಡಿ ಇಬ್ಬನಿ ಬೀಳದಂತೆ ಮುಚ್ಚಬೇಕು. ಒಳ್ಳೆಯ ಬಿಸಿಲಿದ್ದರೆ ಎರಡು ವಾರದ ಆಸುಪಾಸು. ಅನುಭವಿ ಒಂದು ಹಿಡಿ ಚೆರಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಒಳಗೆ ಬೇಳೆ ಗಲಗಲ ಎನ್ನಬೇಕು. ಅಷ್ಟಕ್ಕೇ ನಿಲ್ಲದವನು ಒಂದೇ ಅಳತೆಯ ಡಬ್ಬಿ ತುಂಬಿ ತೂಗುತ್ತಾನೆ, ಮರುದಿನ ಮತ್ತೆ ತೂಗುತ್ತಾನೆ. ಎರಡು ದಿನ ತೂಕ ಬದಲಾಗದಿದ್ದರೆ ಒಣಗಿದೆ ಎಂದರ್ಥ. ಮೂಗು, ಕಿವಿ, ತಕ್ಕಡಿ ಮೂರೂ ಅಲ್ಲಿ ಹಾಜರಿದ್ದರಷ್ಟೇ ಈ ತೀರ್ಮಾನ ಸಾಧ್ಯ. ದೂರದಲ್ಲಿರುವವರು ಇದನ್ನು ಮಾಡಲಾರರು. ಹಾಗಾದರೆ ಅಲ್ಲಿರುವ ರೈಟರಿಗೆ ತೀರ್ಮಾನಿಸುವ ಅಧಿಕಾರ ಕೊಡಬೇಕು. ಬೆಂಗಳೂರಿನಿಂದ ಕೇಳಿ ಹೇಳುತ್ತೇನೆ ಎಂದು ಚೀಲ ಕಟ್ಟಲು ಕಾಯಿಸಿದರೆ ನಷ್ಟ ಒಡೆಯನದೇ.

ಎರಡನೆಯದು, ಬರೆದು ಹೋಲಿಸುವುದು. ಹಾಜರಿ ಪುಸ್ತಕ ಎಲ್ಲ ತೋಟದಲ್ಲೂ ಇದೆ. ಅದು ಬಟವಾಡೆಗೆ ಬೇಕಾದ ಲೆಕ್ಕ. ಅದನ್ನೇ ಬ್ಲಾಕಿನ ಲೆಕ್ಕವಾಗಿ ತಿರುಗಿಸಿ ಬರೆದರೆ ಅದು ಮಾತನಾಡತೊಡಗುತ್ತದೆ. ಈ ಬ್ಲಾಕಿಗೆ ಕಪಾತು, ಗೊಬ್ಬರ, ಕಳೆ, ಚಿಗುರು ತೆಗೆಯುವುದು, ಕೊಯ್ಲು — ಒಂದೊಂದಕ್ಕೂ ಎಷ್ಟು ಆಳು, ಕೊನೆಗೆ ಎಷ್ಟು ಚೀಲ. ಮೂರು ವರ್ಷ ಹೀಗೆ ಬರೆದರೆ ಯಾವ ಮೂಲೆ ತೋಟವನ್ನು ಸಾಕುತ್ತಿದೆ, ಯಾವ ಮೂಲೆಯನ್ನು ತೋಟ ಸಾಕುತ್ತಿದೆ ಎಂಬುದು ಜಗಳವಿಲ್ಲದೆ ಗೊತ್ತಾಗುತ್ತದೆ. ಬೆಲೆ ಚೆನ್ನಾಗಿರುವ ದಿನಗಳಲ್ಲಿ ಇದು ಇನ್ನಷ್ಟು ಅಗತ್ಯ. 2024ರಲ್ಲಿ ರೋಬಸ್ಟಾ ಕಾಫಿ ಹಿಂದೆಂದೂ ಕಾಣದ ದರ ಕಂಡಿತು. ದರ ಏರಿದಾಗ ಸೋರಿಕೆ ಕಾಣುವುದಿಲ್ಲ; ಎಲ್ಲರ ಆಡಳಿತವೂ ಒಳ್ಳೆಯದಾಗಿಯೇ ತೋರುತ್ತದೆ. 2000ದ ದಶಕದ ಆರಂಭದಲ್ಲಿ ದರ ಕುಸಿದಾಗ ಸಾಲದಲ್ಲಿ ಸಿಕ್ಕಿಬಿದ್ದ ತೋಟಗಳನ್ನು ನೋಡಿದವರಿಗೆ, ಖರ್ಚಿನ ಲೆಕ್ಕ ಕಲಿಯಬೇಕಾದದ್ದು ಒಳ್ಳೆಯ ವರ್ಷದಲ್ಲೇ ಎಂಬುದು ಗೊತ್ತು.

ಮೂರನೆಯದು, ಮುಂದಿನದರಿಂದ ಹಿಂದಕ್ಕೆ ಯೋಚಿಸುವುದು. ಇದೇ ಆಡಳಿತದ ತಿರುಳು ಎನ್ನುವಷ್ಟು ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೆಬ್ರವರಿ-ಮಾರ್ಚಿನಲ್ಲಿ ಒಂದು ಇಂಚಿಗೆ ಕಡಿಮೆಯಿಲ್ಲದ ಹೂಮಳೆ ಬಿದ್ದರೆ, ಇಲ್ಲವೇ ಸ್ಪ್ರಿಂಕ್ಲರಿನಲ್ಲಿ ಅಷ್ಟು ನೀರು ಕೊಟ್ಟರೆ, ವಾರ-ಹತ್ತು ದಿನದಲ್ಲಿ ರೋಬಸ್ಟಾ ತೋಟ ಬೆಳ್ಳಗೆ ಅರಳುತ್ತದೆ. ಅರೇಬಿಕಾದ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದನ್ನು ಗಾಳಿಯೂ ಜೇನುನೊಣವೂ ತರಬೇಕು. ಹೂವು ಬಿರಿದ ದಿನ ನೀರು ಬಿದ್ದರೆ ಕಾಯಿ ಕಟ್ಟುವುದು ಕೆಡುತ್ತದೆ. ಎರಡು-ಮೂರು ವಾರದ ಮೇಲೆ ಬ್ಯಾಕಿಂಗ್ ನೀರು ಬೇಕು. ಹೂವು ಅರಳುವುದರೊಳಗೆ ಆ ಬ್ಲಾಕಿನ ಕೊಯ್ಲು ಮುಗಿದಿರಬೇಕು, ಇಲ್ಲದಿದ್ದರೆ ಹೂವೂ ಹಣ್ಣೂ ಒಂದೇ ರೆಂಬೆಯಲ್ಲಿ ನಿಂತು, ಹಣ್ಣು ಕುಯ್ಯುವ ಕೈ ಮುಂದಿನ ವರ್ಷದ ಫಸಲನ್ನೂ ಉದುರಿಸುತ್ತದೆ. ಕರಿಮೆಣಸೂ ಅದೇ ತಿಂಗಳುಗಳಲ್ಲಿ ಹಣ್ಣಾಗುತ್ತದೆ, ಏಣಿ ಹತ್ತುವವರು ಬೇರೆ ಬೇಕು. ಕೆರೆಯ ನೀರು ಇಂತಿಷ್ಟೇ, ಪಂಪು ಒಂದೇ.

ಇದರ ಅರ್ಥ ಏನು? ಡಿಸೆಂಬರ್ ಕೊನೆಯಲ್ಲಿ ಯಾವ ಬ್ಲಾಕಿನಿಂದ ಕೊಯ್ಲು ಶುರುಮಾಡಬೇಕು ಎಂಬುದನ್ನು ಹಣ್ಣಿನ ಬಣ್ಣ ಒಂದೇ ತೀರ್ಮಾನಿಸಲಾಗದು. ಫೆಬ್ರವರಿಯಲ್ಲಿ ಪಂಪು ಮೊದಲು ಯಾವ ಬ್ಲಾಕಿಗೆ ಹೋಗಬೇಕು ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು. ಕೊಯ್ಲಾದ ಮೇಲೆ ನೆಲಕ್ಕೆ ಬಿದ್ದ, ಗಿಡದಲ್ಲಿ ಉಳಿದ ಕಾಯಿಗಳನ್ನು ಆರಿಸಲು ಆಳು ಉಳಿದಿರಬೇಕು. ಆ ಉಳಿಕೆಯಲ್ಲೇ ಕಾಯಿಕೊರಕ ಮುಂದಿನ ಹಂಗಾಮಿಗೆ ಮರಿಮಾಡುತ್ತದೆ. ನೀರು ಹಾಯಿಸುವ ತೀರ್ಮಾನವೂ ಹೀಗೆಯೇ. ನಾಳೆ ಮಳೆ ಬಂದೀತು ಎಂದು ದಿನ ದೂಡುತ್ತ ಮೊಗ್ಗು ಒಣಗಿಸಿಕೊಂಡವರು ಇದ್ದಾರೆ. ಇಂದು ಡೀಸೆಲ್ ಸುಟ್ಟು ನಾಳೆ ಮಳೆ ಬಂದು ಪೇಚಾಡಿದವರೂ ಇದ್ದಾರೆ. ಎರಡನ್ನೂ ಪೂರ್ತಿ ತಪ್ಪಿಸಲಾಗದು. ಆದರೆ ಇಂಥ ತಾರೀಖಿನೊಳಗೆ ಇಷ್ಟು ಸೆಂಟು ಮಳೆ ಬರದಿದ್ದರೆ ಪಂಪು ಹಾಕುವುದು ಎಂದು ಜನವರಿಯಲ್ಲೇ, ಮನಸ್ಸು ಶಾಂತವಾಗಿರುವಾಗಲೇ ನಿರ್ಧರಿಸಿ ಬರೆದಿಡಬಹುದು. ಆಗ ಫೆಬ್ರವರಿಯ ಆತಂಕ ನಿರ್ಧಾರ ಮಾಡುವುದಿಲ್ಲ.

ಇಂಥ ಯೋಚನೆಗೆ ಬಿಡುವು ಬೇಕು, ಬಿಡುವು ತಾನಾಗಿ ಸಿಗುವುದಿಲ್ಲ. ಹೆನ್ರಿ ಮಿಂಟ್ಸ್‌ಬರ್ಗ್ ಎಂಬ ವಿದ್ವಾಂಸ ಐವರು ಮುಖ್ಯ ಅಧಿಕಾರಿಗಳ ದಿನಚರಿಯನ್ನು ಬೆನ್ನುಹತ್ತಿ ಗಮನಿಸಿ 1973ರಲ್ಲಿ ಬರೆದ ಪ್ರಕಾರ, ಅವರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷವೂ ಮೀರುತ್ತಿರಲಿಲ್ಲ. ತೋಟದ ಬೆಳಗು ಇದಕ್ಕಿಂತ ಬೇರೆಯಲ್ಲ: ಕರೆಂಟಿಲ್ಲ, ಟ್ರ್ಯಾಕ್ಟರಿನ ಚಕ್ರ ಕುಳಿತಿದೆ, ಆಳುಗಳ ಲೈನ್ ಮನೆಯಲ್ಲಿ ಮಗುವಿಗೆ ಜ್ವರ, ಆನೆ ಬೇಲಿ ಮುರಿದಿದೆ. ಇವೆಲ್ಲ ನೋಡಲೇಬೇಕಾದವು. ಆದರೆ ಇವುಗಳನ್ನು ನೋಡುವುದರಲ್ಲೇ ದಿನ ಕಳೆದವನು ದುಡಿದು ದಣಿಯುತ್ತಾನೆ, ತೋಟ ಮುಂದೆ ಹೋಗುವುದಿಲ್ಲ. ವಾರಕ್ಕೆ ಒಂದು ಗಂಟೆ, ಫೋನು ದೂರವಿಟ್ಟು, ಪುಸ್ತಕ ತೆರೆದು ಕೂರುವುದನ್ನು ಬಟವಾಡೆಯಷ್ಟೇ ಕಟ್ಟುನಿಟ್ಟಾಗಿ ಪಾಲಿಸಬೇಕು.

ನಾಲ್ಕನೆಯದು, ಕೆಟ್ಟ ಸುದ್ದಿ ಬೇಗ ತಲುಪುವಂತೆ ನೋಡಿಕೊಳ್ಳುವುದು. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಮುಖ್ಯಸ್ಥರಿದ್ದ ವಾರ್ಡುಗಳಲ್ಲಿ ತಪ್ಪುಗಳು ಕಡಿಮೆ ಇರಬಹುದೆಂದು ಊಹಿಸಿದ್ದರು. ದಾಖಲಾದ ತಪ್ಪುಗಳು ಅಲ್ಲೇ ಹೆಚ್ಚಾಗಿದ್ದವು. ಕಾರಣ ಹುಡುಕಿದಾಗ ತಿಳಿದದ್ದು, ಅಲ್ಲಿ ತಪ್ಪು ಹೇಳಿಕೊಳ್ಳಲು ಭಯವಿರಲಿಲ್ಲ, ಉಳಿದೆಡೆ ಮುಚ್ಚಿಡುತ್ತಿದ್ದರು. ಇದನ್ನು ತೋಟಕ್ಕೆ ಅನ್ವಯಿಸಿ. ಮೇಲಿನ ಬ್ಲಾಕಿನಲ್ಲಿ ಕೊರಕದ ಚುಕ್ಕೆ ಮೊದಲು ಕಾಣುವುದು ಕುಯ್ಯುವ ಹೆಂಗಸಿಗೆ. ಪೈಪಿನ ಜೋಡಣೆ ಸೋರುತ್ತಿರುವುದು ಮೊದಲು ಗೊತ್ತಾಗುವುದು ರಾತ್ರಿ ಪಂಪಿನ ಹತ್ತಿರ ಮಲಗಿದ ಹುಡುಗನಿಗೆ. ಆನೆಯ ಲದ್ದಿ ಹಸಿಯೋ ಒಣಗಿದೆಯೋ ಎಂದು ತಿಳಿಯುವುದು ಕಾಡು ಬಲ್ಲ ಎರವರ, ಜೇನುಕುರುಬರ ಹಿರಿಯರಿಗೆ. ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬರುವ ಮೊದಲೇ ಅವರಿಗೆ ವಿಷಯ ತಿಳಿದಿರುತ್ತದೆ. ಹೇಳಿದರೆ "ನಿನ್ನ ಕೆಲಸ ನೋಡು" ಎಂಬ ಉತ್ತರ ಬರುತ್ತದೆಂದು ಒಮ್ಮೆ ಗೊತ್ತಾದರೆ ಅವರು ಮತ್ತೆ ಹೇಳುವುದಿಲ್ಲ. ಗದರುವ ಮ್ಯಾನೇಜರಿಗೆ ಎಲ್ಲರೂ ಒಳ್ಳೆಯ ಸುದ್ದಿಯನ್ನೇ ಹೇಳುತ್ತಾರೆ, ಹಾನಿ ಮಾತ್ರ ತಾನಾಗಿ ಬಂದು ಮುಟ್ಟುತ್ತದೆ.

ಹೇಳುವ ಧೈರ್ಯ ಹುಟ್ಟುವುದು ಭಾಷಣದಿಂದಲ್ಲ, ಸಂಜೆಯ ತೂಕದ ಹೊತ್ತಿಗೆ. ಕೊಯ್ಲಿನ ದಿನಗಳಲ್ಲಿ ನಾಲ್ಕರ ನಂತರ ಕಣದ ಪಕ್ಕ ನಿಂತು ನೋಡಿ. ದಿನವಿಡೀ ಗಿಡದಡಿ ಟಾರ್ಪಾಲು ಹಾಸಿ ಹಣ್ಣು ಉದುರಿಸಿದವರು ಎಲೆ, ಕಡ್ಡಿ, ಹಸಿಕಾಯಿ ಆರಿಸಿ, ಚೀಲ ತುಂಬಿ, ತಲೆಯ ಮೇಲೆ ಹೊತ್ತು ತಂದು ಸಾಲು ನಿಲ್ಲುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ. ಕೆಲವೆಡೆ ತೂಕದ ಯಂತ್ರದ ಅಂಕಿ ರೈಟರ್ ಕಡೆಗೆ ತಿರುಗಿರುತ್ತದೆ; ಆತ ಒಂದು ಸಂಖ್ಯೆ ಕೂಗಿ, ಚೀಲಕ್ಕೆಂದು ಎಲೆಗೆಂದು ಒಂದಿಷ್ಟು ಕಳೆದು ಬರೆದುಕೊಳ್ಳುತ್ತಾನೆ. ಕೆಲವೆಡೆ ಅಂಕಿ ಹೊತ್ತು ತಂದವಳ ಕಡೆಗೆ ತಿರುಗಿರುತ್ತದೆ. ಆಕೆ ಓದುತ್ತಾಳೆ, ಇಲ್ಲವೇ ಓದಬಲ್ಲ ಮಗಳು ಓದುತ್ತಾಳೆ, ಚೀಲದ ತೂಕವನ್ನು ಎದುರಿಗೇ ತೂಗಿ ಕಳೆಯುತ್ತಾರೆ, ಚೀಟಿ ಕೈಗೆ ಕೊಡುತ್ತಾರೆ. ಈ ಎರಡು ತೋಟಗಳ ನಡುವೆ ದಿನಕ್ಕೆ ಕೆಲವೇ ಕಿಲೋಗಳ ವ್ಯತ್ಯಾಸ ಇರಬಹುದು. ಮುಂದಿನ ಡಿಸೆಂಬರಿಗೆ ಯಾವ ತೋಟಕ್ಕೆ ಜನ ತಾವಾಗಿ ಬರುತ್ತಾರೆ ಎಂಬುದನ್ನು ಆ ಯಂತ್ರದ ಮುಖ ತೀರ್ಮಾನಿಸುತ್ತದೆ. ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ಬರುವ ಕುಟುಂಬಗಳ ಕೈಯಲ್ಲೂ ಮೊಬೈಲ್ ಇದೆ. ಯಾವ ತೋಟದಲ್ಲಿ ತೂಕ ಸರಿ, ಯಾವ ಲೈನ್ ಮನೆಯಲ್ಲಿ ನೀರು ಬರುತ್ತದೆ, ಎಲ್ಲಿ ಬಟವಾಡೆ ತಪ್ಪುವುದಿಲ್ಲ ಎಂಬ ಸುದ್ದಿ ರೈಲು ಹತ್ತುವ ಮೊದಲೇ ಅವರಿಗೆ ಮುಟ್ಟಿರುತ್ತದೆ. ವಸತಿ, ಕುಡಿಯುವ ನೀರು, ಚಿಕಿತ್ಸೆಗಳನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರ ಹೊಣೆಯೆಂದು ಹೇಳಿತ್ತು. ಕಾನೂನಿನ ಭಯದಿಂದ ಕೊಡುತ್ತಿದ್ದುದನ್ನು ಈಗ ತೋಟದ ಉಳಿವಿಗಾಗಿ ಕೊಡಬೇಕಾಗಿದೆ.

ಐದನೆಯದು, ಕೆಲಸವನ್ನು ಅಧಿಕಾರದೊಂದಿಗೆ ಒಪ್ಪಿಸುವುದು. ನಮ್ಮ ಒಕ್ಕಗಳಲ್ಲಿ, ಅಂದರೆ ಕೊಡವ ಮನೆತನಗಳಲ್ಲಿ, ಇದರ ಹಳೆಯ ತಿಳಿವಳಿಕೆ ಇದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಆಸ್ತಿಯ ದಾಖಲೆ ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿದ್ದರೂ ಆಸ್ತಿ ಒಕ್ಕದ್ದು. ಅವರು ನೋಡಿಕೊಳ್ಳುವವರು, ಮನಬಂದಂತೆ ಮಾಡುವವರಲ್ಲ. ಅಧಿಕಾರ ಎಂದರೆ ಹೊಣೆ ಎಂಬ ಆ ಅರಿವು ದೊಡ್ಡದು. ಆದರೆ ಅದು ಒಕ್ಕದ ಒಳಗಿನವರಿಗಷ್ಟೇ ಸಲ್ಲುತ್ತಿತ್ತು, ಗದ್ದೆಯಲ್ಲಿ ಬಗ್ಗಿ ದುಡಿದವರನ್ನು ಅದು ಒಳಗೆ ಸೇರಿಸಿಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ಹೊಸ ಕಾಲದ ಉದಾಹರಣೆಯೂ ನಮ್ಮಲ್ಲೇ ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬದಲ್ಲಿ ಮೊದಲ ವರ್ಷ ಆಡಿದ್ದು 60 ಕುಟುಂಬಗಳು. ಈಗ ಆ ಸಂಖ್ಯೆ 300 ದಾಟಿದೆ. ಅದನ್ನು ನಡೆಸುವುದು ಪ್ರತಿ ವರ್ಷ ಬೇರೊಂದು ಕುಟುಂಬ. ಮೈದಾನ, ಪಂದ್ಯಪಟ್ಟಿ, ಊಟ, ಹಣ ಎಲ್ಲವನ್ನೂ ಹಿಂದೆಂದೂ ಮಾಡದವರು ಹೊತ್ತು, ಮಾಡುತ್ತ ಕಲಿಯುತ್ತಾರೆ. ಒಂದೇ ಕುಟುಂಬ ಅದನ್ನು ತನ್ನದೆಂದು ಹಿಡಿದುಕೊಂಡಿದ್ದರೆ ಇಷ್ಟು ಬೆಳೆಯುತ್ತಿರಲಿಲ್ಲವೆಂದು ನನಗೆ ಅನಿಸುತ್ತದೆ.

ಇದೇ ನಂಬಿಕೆಯನ್ನು ತೋಟದ ಒಳಗೆ ತರಲು ನಾವು ಹಿಂಜರಿಯುತ್ತೇವೆ. ಮೇಸ್ತ್ರಿಗೆ ಕೆಲಸ ಹೇಳುತ್ತೇವೆ, ಉದ್ದೇಶ ಹೇಳುವುದಿಲ್ಲ. "ಈ ಸಾಲಿನ ನೆರಳು ತೆಗಿ" ಎಂದವನಿಗೆ ಸಾಲು ಮುಗಿಸುವುದು ಗೊತ್ತು. ಮಳೆಗಾಲದಲ್ಲಿ ಗಿಡಕ್ಕೆ ಎಷ್ಟು ಬೆಳಕು ಬೀಳಬೇಕು, ಬೇಸಿಗೆಗೆ ಎಷ್ಟು ನೆರಳು ಉಳಿಯಬೇಕು ಎಂದು ತಿಳಿಸಿದರೆ ಯಾವ ಕೊಂಬೆ ಬಿಡಬೇಕು ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ. ಇನ್ನೊಂದು ಮಾತು: ಕೊಯ್ಲಿನ ಸಾಲಿನಲ್ಲಿ ಹೆಚ್ಚಿನವರು ಹೆಂಗಸರು, ಮೇಸ್ತ್ರಿಗಳು ಮಾತ್ರ ಹೆಚ್ಚುಕಡಿಮೆ ಗಂಡಸರೇ. ಹಣ್ಣಿನ ಹದ, ಗಿಡದ ಸ್ವಭಾವ ಎಲ್ಲ ಬಲ್ಲ ಹೆಂಗಸು ಮೇಸ್ತ್ರಿಯಾಗಬಾರದೆಂಬುದಕ್ಕೆ ರೂಢಿಯೊಂದನ್ನು ಬಿಟ್ಟು ಕಾರಣವಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮಳೆ ಮತ್ತು ಬೆಲೆಯೇ ಎಲ್ಲವನ್ನೂ ತೀರ್ಮಾನಿಸುವಾಗ ಆಡಳಿತ ಏನು ಮಾಡೀತು ಎಂಬುದು ಒಂದು. ಒಂದೇ ಬೇಲಿಯ ಆಚೀಚೆ ಒಂದೇ ಮಣ್ಣು, ಒಂದೇ ಮಳೆ, ಒಂದೇ ದರ ಇರುವ ಎರಡು ತೋಟಗಳನ್ನು ನೋಡಿ ಎಂಬುದೇ ಅದಕ್ಕೆ ಉತ್ತರ. ಒಂದು ಹಸಿರಾಗಿದ್ದು ಇನ್ನೊಂದು ಸೊರಗಿದ್ದರೆ ಆ ವ್ಯತ್ಯಾಸವನ್ನು ಮೋಡದ ಮೇಲೆ ಹಾಕಲಾಗದು. ಸಡಿಲ ಬಿಟ್ಟರೆ ಆಳು ತಲೆ ಮೇಲೆ ಕೂರುತ್ತಾರೆ ಎಂಬುದು ಇನ್ನೊಂದು. ನಾನು ಸಡಿಲಿಕೆ ಹೇಳುತ್ತಿಲ್ಲ. ಹಸಿಕಾಯಿ ಬೆರೆಸಿ ತಂದರೆ ವಾಪಸು ಆರಿಸಿ ಎನ್ನಲೇಬೇಕು. ತೂಕ ಸರಿಯಾಗಿ ತೋರಿಸಿದವನು ಹಾಗೆ ಹೇಳಿದರೆ ಜನ ಒಪ್ಪುತ್ತಾರೆ. ನ್ಯಾಯ ಇರುವಲ್ಲಿ ಕಟ್ಟುನಿಟ್ಟು ನಡೆಯುತ್ತದೆ. ಐದು ಎಕರೆಯವರಿಗೆ ಇಷ್ಟೆಲ್ಲ ಯಾಕೆ ಎಂಬುದು ಮೂರನೆಯದು. ಐದು ಎಕರೆಯವನಿಗೆ ತಪ್ಪು ಹೊರಲು ಹೆಗಲು ಚಿಕ್ಕದು, ಆದ್ದರಿಂದ ಅವನಿಗೇ ಹೆಚ್ಚು ಬೇಕು.

ಈ ವಿದ್ಯೆ ಕಲಿಯಲು ಊರು ಬಿಡಬೇಕಾಗಿಲ್ಲ. ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಊರೂರಿನಲ್ಲಿ ಸಹಕಾರ ಸಂಘಗಳಿವೆ. ಗಿಡ, ಗೊಬ್ಬರ, ರೋಗದ ತರಬೇತಿಯ ಜೊತೆಗೆ ರೈಟರುಗಳಿಗೂ ಮೇಸ್ತ್ರಿಗಳಿಗೂ, ಗಂಡಸರಿಗೂ ಹೆಂಗಸರಿಗೂ, ಲೆಕ್ಕ ಬರೆಯುವುದು, ಕೆಲಸ ಯೋಜಿಸುವುದು, ಜನರೊಂದಿಗೆ ಮಾತಾಡುವುದನ್ನು ಕಲಿಸಲು ಇವು ಮನಸ್ಸು ಮಾಡಬೇಕು. ಆ ತರಬೇತಿಗೆ ಹೋದ ದಿನದ ಸಂಬಳವನ್ನು ಕತ್ತರಿಸದೆ ಕೊಡಲು ಮಾಲೀಕರು ಮನಸ್ಸು ಮಾಡಬೇಕು. ಬೆಲೆ ಚೆನ್ನಾಗಿರುವಾಗ ಹೊಸ ಜೀಪಿಗೂ ಮನೆಯ ನವೀಕರಣಕ್ಕೂ ಹಣ ಒದಗುತ್ತದೆ, ಇದಕ್ಕೂ ಒದಗಬೇಕು.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಈ ಕೊಯ್ಲಿಗೆ ಮೊದಲು ತೋಟದ ಒಂದೇ ಒಂದು ಬ್ಲಾಕು ಆರಿಸಿಕೊಂಡು ಅದಕ್ಕೊಂದು ಪುಸ್ತಕ ಇಡಿ. ಕೊಯ್ಲಿನ ಸರದಿ ಹಾಕುವ ಮೊದಲು ಮೇಸ್ತ್ರಿಯನ್ನೂ ಕುಯ್ಯುವವರಲ್ಲಿ ಇಬ್ಬರನ್ನೂ ಕೂರಿಸಿಕೊಂಡು, ಹೋದ ವರ್ಷ ಎಲ್ಲಿ ಎಡವಿದೆವು ಎಂದು ಕೇಳಿ. ಅವರು ಹೇಳುವುದನ್ನು ನಡುವೆ ಬಾಯಿಹಾಕದೆ ಬರೆದುಕೊಳ್ಳಿ. ತೂಕದ ಯಂತ್ರವನ್ನು ಅವರ ಕಡೆಗೆ ತಿರುಗಿಸಿಡಿ. ಇದಕ್ಕೆ ಪದವಿ ಬೇಕಿಲ್ಲ, ಸಾಲ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಈ ಡಿಸೆಂಬರಿನಲ್ಲೇ ಶುರುಮಾಡಿ.